ಮೀನಿನ ಟ್ಯಾಂಕ್ ಜೊತೆ ಮನೆ ಬದಲಿಸುವಾಗ

ಮಂಡ್ಯದಿಂದ ಮೈಸೂರಿಗೆ ಸುಮಾರು 45 ಕಿಲೋಮೀಟರ್. ಗಟ್ಟಿಮುಟ್ಟಾಗಿರುವ ಮೀನು ಅಷ್ಟು ದೂರವನ್ನು ಸಲೀಸಾಗಿ ತಡೆಯುತ್ತದೆ. ಕಷ್ಟ ಶುರುವಾಗುವುದು ಹೊಸ ಮನೆಗೆ ಬಂದ ಮೇಲೆ, ಮೊದಲ ವಾರದಲ್ಲಿ. ಅಷ್ಟರಲ್ಲಿ ಫಿಲ್ಟರ್ ಒಣಗಿರುತ್ತದೆ, ನೀರೂ ಬೇರೆ. ಅದಕ್ಕೇ ಮಂಡ್ಯದ ಗುತ್ತಲು ರಸ್ತೆಯ ಮನೆ ಬಿಟ್ಟು ಮೈಸೂರಿನ ಬೋಗಾದಿ ಕಡೆ ಬರುವಾಗ ನಾನು ಮೊದಲು ನೋಡಿದ್ದು ಹೊಸ ಮನೆಯ ನೀರನ್ನು.

ನಲ್ಲಿಯಲ್ಲಿ ಕಾವೇರಿ ನೀರು ಬಂದರೆ ಅದರಲ್ಲಿ ಕ್ಲೋರಿನ್ ಇರುತ್ತದೆ. ಅಂಗಡಿಯಲ್ಲಿ ಸಿಗುವ ಆಂಟಿ ಕ್ಲೋರಿನ್ ಹಾಕಿ, ಇಲ್ಲವೇ ಒಂದು ದಿನ ಬಕೆಟಿನಲ್ಲಿ ಏರ್ ಸ್ಟೋನ್ (ಏರ್ ಪಂಪಿನ ಕೊಳವೆ ತುದಿಯ, ಗುಳ್ಳೆ ಬಿಡುವ ಕಲ್ಲು) ಬಿಟ್ಟು ಇಡಿ. ಹೊಸ ಲೇಔಟ್‌ಗಳ ಬೋರ್ ನೀರು ಸಾಮಾನ್ಯವಾಗಿ ಗಡಸು. ಸಂಪ್ ಹೊಸದಾದರೆ ಇನ್ನೊಂದು ತೊಂದರೆ: ಸಿಮೆಂಟಿನ ಸುಣ್ಣದಂಶ ನೀರಿಗೆ ಇಳಿದು ಪಿಎಚ್ (ನೀರು ಎಷ್ಟು ಆಮ್ಲ, ಎಷ್ಟು ಕ್ಷಾರ ಎಂಬ ಅಳತೆ) ಏರುತ್ತದೆ. ಪಿಎಚ್ ಜಾಸ್ತಿಯಾದಷ್ಟೂ, ಮೀನಿನ ಗಲೀಜಿನಿಂದ ಹುಟ್ಟುವ ಅಮೋನಿಯಾ ಮೀನಿಗೆ ಹೆಚ್ಚು ವಿಷ. ಒಂದು ಪಿಎಚ್ ಕಿಟ್ ತಂದು ಎರಡೂ ಮನೆಯ ನೀರನ್ನು ಹೋಲಿಸಿ ನೋಡಿ.

ಹೊರಡುವ ಹಿಂದಿನ ದಿನ ಆಹಾರ ಹಾಕಬೇಡಿ. 'ಪಾಪ, ಹಸಿದಿರ್ತವೆ ಕಣೋ' ಅಂತ ನಮ್ಮಮ್ಮ ಬೇಜಾರು ಮಾಡಿಕೊಂಡರು. ಆದರೆ ತಿಂದ ಮೀನು ಸಾಗಿಸುವ ಪ್ಲಾಸ್ಟಿಕ್ ಕವರಿನೊಳಗೇ ಗಲೀಜು ಮಾಡುತ್ತದೆ, ಆ ನೀರನ್ನೇ ಉಸಿರಾಡಬೇಕು. ಒಂದೆರಡು ದಿನದ ಉಪವಾಸದಿಂದ ದೊಡ್ಡ ಮೀನಿಗೆ ಏನೂ ಆಗುವುದಿಲ್ಲ.

ಜಲ್ಲಿಕಲ್ಲು ಕದಡುವ ಮೊದಲೇ ಮೇಲಿನ ತಿಳಿ ನೀರನ್ನು ಕ್ಯಾನ್‌ಗಳಿಗೆ ತುಂಬಿಕೊಳ್ಳಿ. ಅರ್ಧದಷ್ಟಾದರೂ ಬೇಕು. ಸೋಪು ಸೋಕಿದ ಬಕೆಟ್ ಮಾತ್ರ ಬೇಡ. ಆಮೇಲೆ ಮೀನು ಹಿಡಿಯಿರಿ. ಕವರಿನಲ್ಲಿ ಮೂರನೇ ಒಂದು ಭಾಗ ನೀರು, ಉಳಿದದ್ದು ಗಾಳಿ. ಒಂದರೊಳಗೊಂದು ಎರಡು ಕವರ್ ಹಾಕಿ. ಮೂಲೆಗಳಿಗೆ ರಬ್ಬರ್ ಬ್ಯಾಂಡ್ ಕಟ್ಟಿ, ಸಣ್ಣ ಮೀನು ಅಲ್ಲಿ ಸಿಕ್ಕಿಕೊಳ್ಳುವುದಿಲ್ಲ. ಸಕ್ಕರ್ ಮೀನಿನ ಮುಳ್ಳು ಕವರನ್ನು ಹರಿಯುತ್ತದೆ, ಅದಕ್ಕೆ ಮುಚ್ಚಳದ ಬಕೆಟ್ಟೇ ಸರಿ. ಜಗಳಗಂಟ ಫೈಟರ್ ಮೀನು ಒಂಟಿಯಾಗಿರಲಿ. ಎಲ್ಲವನ್ನೂ ಥರ್ಮಾಕೋಲ್ ಡಬ್ಬಿಯಲ್ಲಿಟ್ಟು ಮುಚ್ಚಿ. ಗೂಡ್ಸ್ ಆಟೋ ಹಿಂದೆ ಬಿಸಿಲಲ್ಲಿ ಇಡದೆ ಕಾರಿನೊಳಗೆ ನಿಮ್ಮ ಜೊತೆಯಲ್ಲೇ ತನ್ನಿ.

ಇನ್ನು ಫಿಲ್ಟರ್. ಮೀನಿನಷ್ಟೇ ಜೋಪಾನ ಬೇಕಾದದ್ದು ಇದು. ಅಮೋನಿಯಾವನ್ನು ಕಡಿಮೆ ವಿಷದ ನೈಟ್ರೇಟ್ ಆಗಿ ಬದಲಿಸುವ ಬ್ಯಾಕ್ಟೀರಿಯಾ ಹೆಚ್ಚಾಗಿ ಇರುವುದು ಸ್ಪಂಜು, ಸೆರಾಮಿಕ್ ರಿಂಗ್‌ಗಳ ಮೇಲೆ. ನೀರಿನಲ್ಲಿ ಸ್ವಲ್ಪವೇ. ನಲ್ಲಿ ಕೆಳಗೆ ತೊಳೆದರೆ ಕ್ಲೋರಿನ್‌ಗೆ ಸಾಯುತ್ತವೆ, ಒಣಗಿದರೂ ಸಾಯುತ್ತವೆ. ಗಾಳಿಯಾಡದಂತೆ ಗಂಟೆಗಟ್ಟಲೆ ಮುಚ್ಚಿಟ್ಟರೂ ಅದೇ ಗತಿ. ಟ್ಯಾಂಕಿನ ನೀರಿನಲ್ಲೇ ಮುಳುಗಿಸಿ, ಮುಚ್ಚಳ ಸಡಿಲವಾಗಿಟ್ಟು ತನ್ನಿ. ಬ್ಯಾಟರಿ ಏರ್ ಪಂಪ್ ಇದ್ದರೆ ಅದನ್ನು ಇದಕ್ಕೂ ಬಿಡಿ.

ಟ್ಯಾಂಕನ್ನು ಪೂರ್ತಿ ಖಾಲಿ ಮಾಡಿಯೇ ಎತ್ತಬೇಕು. 3 ಅಡಿ ಉದ್ದ, 1 ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕಿನಲ್ಲಿ ನೀರೇ ಸುಮಾರು 125 ಕೆಜಿ. ನಾಲ್ಕು ಇಂಚು ನೀರು, ಕಲ್ಲು ಒಳಗೇ ಉಳಿಸಿ ಎತ್ತಿದರೂ ಸಿಲಿಕಾನ್ ಬೆಸುಗೆ ಬಿಡಬಹುದು.

ಗೃಹಪ್ರವೇಶದ ದಿನವೇ ಮೀನು ಮನೆಗೆ ಬರಲಿ ಅಂತ ಹಿರಿಯರಿಗೆ ಆಸೆ ಇರುತ್ತದೆ. ದಯವಿಟ್ಟು ಬೇಡ. ಏರ್ ಪಂಪ್ ಕೋಣೆಯ ಗಾಳಿಯನ್ನೇ ಎಳೆದು ನೀರಿಗೆ ಬಿಡುತ್ತದೆ. ಹೋಮದ ಹೊಗೆ, ಹಸಿ ಪೇಂಟಿನ ಘಾಟು ಎಲ್ಲವೂ ಅದರ ಜೊತೆ ಹೋಗುತ್ತದೆ. ನಾವು ಹೋಮ ಮುಗಿದು, ಕಿಟಕಿ ತೆಗೆದಿಟ್ಟು ಮನೆ ಗಾಳಿಯಾಡಿದ ಮೇಲೇ ತಂದೆವು. ಅಲ್ಲಿಯವರೆಗೆ ಟ್ಯಾಂಕ್ ಹಳೇ ಮನೆಯಲ್ಲೇ ಓಡುತ್ತಿತ್ತು.

ಬಂದ ತಕ್ಷಣ ಮೊದಲ ಕೆಲಸ ಟ್ಯಾಂಕ್. ಹಳೇ ನೀರು ಸುರಿದು, ಹದ ಮಾಡಿಟ್ಟ ಹೊಸ ನೀರು ಸೇರಿಸಿ, ಫಿಲ್ಟರ್ ಓಡಿಸಿ. ಲೈಟ್ ಬೇಡ. ಕವರನ್ನು 15–20 ನಿಮಿಷ ತೇಲಿಬಿಟ್ಟು, ನಂತರ ಟ್ಯಾಂಕಿನ ನೀರನ್ನು ಲೋಟದಲ್ಲಿ ಸ್ವಲ್ಪ ಸ್ವಲ್ಪವೇ ಸೇರಿಸಿ. ಬೋರ್ ನೀರಾದರೆ ಇದನ್ನು ಇನ್ನೂ ನಿಧಾನ ಮಾಡಿ. ಮೀನನ್ನು ಬಲೆಯಲ್ಲಿ ಎತ್ತಿ ಬಿಡಿ, ಕವರಿನ ನೀರನ್ನು ಚೆಲ್ಲಿಬಿಡಿ.

ಅವತ್ತು ಆಹಾರ ಬೇಡ, ಮಾರನೇ ದಿನ ಒಂದು ಚಿಟಿಕೆ ಸಾಕು. ಒಂದು ವಾರ ಅಮೋನಿಯಾ ಪರೀಕ್ಷಿಸುತ್ತಿರಿ. ಮೀನು ಮೇಲೆ ಬಂದು ಬಾಯಿ ಬಾಯಿ ಬಿಡುತ್ತಿದ್ದರೆ ಕಾಯಬೇಡಿ. ಕಾಲು ಭಾಗ ನೀರು ಬದಲಿಸಿ, ಏರ್ ಪಂಪ್ ಜೋರು ಮಾಡಿ.