ಕಿಟಕಿಗೆ ಒಳಗಿನಿಂದ ಕದ ಹಾಕಿಸುವ ಮುಂಚೆ

ಮಗ ಬೆಂಗಳೂರಲ್ಲಿ ಫ್ಲ್ಯಾಟ್ ತಗೊಂಡಾಗ, ಪಶ್ಚಿಮದ ಕೋಣೆಯ ಕಿಟಕಿಗೆ ಒಳಗಿನಿಂದ ಮರದ ಕದ ಕೂರಿಸೋಣ ಅಂದೆ. ಅವನು ನಕ್ಕ. ಸೊಸೆ ಫೋನಿನಲ್ಲಿ ಚಿತ್ರ ತೋರಿಸಿ, "ಇದಾ ಅತ್ತೆ ನೀವು ಹೇಳ್ತಿರೋದು? ಪ್ಲಾಂಟೇಶನ್ ಶಟರ್ ಅಂತಾರೆ" ಅಂದಳು. ಅದರ ಕದದಲ್ಲಿ ತಿರುಗಿಸೋಕೆ ಬರೋ ಅಡ್ಡಪಟ್ಟಿಗಳ ಸಾಲು ಇರುತ್ತೆ. ಆ ಅಡ್ಡಪಟ್ಟಿ ಬಿಟ್ಟರೆ ತೀರ್ಥಹಳ್ಳಿಯ ನಮ್ಮ ತವರುಮನೆಯಲ್ಲಿ ಇದ್ದದ್ದೂ ಅದೇ ಜಾತಿಯದು: ಹೊರಗೆ ಕಬ್ಬಿಣದ ಸರಳು, ಒಳಗೆ ತೆರೆಯುವ ಹಲಸಿನ ಮರದ ಕದ.

ಕದ ಹಾಕಿದರೆ ಕೋಣೆ ಕತ್ತಲಾಗುತ್ತೆ ಅನ್ನೋದು ಎಲ್ಲರ ಮೊದಲ ತಕರಾರು. ನಮ್ಮ ಹಳೇ ಕಿಟಕಿಗಳಿಗೆ ಕದ ನಾಲ್ಕು ಇರ್ತಿತ್ತು, ಮೇಲೆ ಎರಡು, ಕೆಳಗೆ ಎರಡು. ಕೆಳಗಿನ ಜೋಡಿ ಹಾಕಿ ಮೇಲಿನದು ತೆಗೆದಿಟ್ಟರೆ ದಾರಿಯಲ್ಲಿ ಹೋಗೋರಿಗೆ ಒಳಗಿನದು ಕಾಣಲ್ಲ, ನಮಗೆ ಅಕ್ಕಿ ಆರಿಸೋಕೆ ಸಾಕಷ್ಟು ಬೆಳಕು. ಮೇಲೇರಿದ ಬಿಸಿಗಾಳಿಯೂ ಅಲ್ಲಿಂದಲೇ ಹೊರಗೆ. ಈಗಲೂ ಬಡಗಿಗೆ ಹೇಳಿ ಮೇಲೆ ಕೆಳಗೆ ಬೇರೆ ಬೇರೆ ಮಾಡಿಸಿ. ಉದ್ದನೆಯ ಒಂದೇ ಕದ ಬೇಡ. ಅಡ್ಡಪಟ್ಟಿಯದು ಬೇಕಿದ್ದರೆ, ಪಟ್ಟಿಯ ಒಳಗಿನ ಅಂಚು ಮೇಲೆ, ಹೊರಗಿನ ಅಂಚು ಕೆಳಗೆ ಬರೋ ಹಾಗೆ ತಿರುಗಿಸಿಡಿ. ಬಿಸಿಲು ನೇರ ಒಳಗೆ ಬೀಳಲ್ಲ, ಬೆಳಕು ಸೂರಿಗೆ ತಾಗಿ ಹರಡುತ್ತೆ.

ಇನ್ನೊಂದು, ಕದ ಹಾಕಿದ ಮಾತ್ರಕ್ಕೆ ಕೋಣೆ ತಂಪು ಅನ್ನೋ ನಂಬಿಕೆ. ಅರ್ಧ ನಿಜ. ಗಾಜು ದಾಟಿ ಬಂದ ಬಿಸಿಲು ಆಗಲೇ ಮನೆಯೊಳಗೆ ಬಂದಾಯ್ತು. ಕದ ಅದನ್ನ ಮೈಮೇಲೆ ಬೀಳದ ಹಾಗೆ ತಡೆದರೂ ಕಾವು ಗಾಜಿಗೂ ಕದಕ್ಕೂ ನಡುವೆ ಕೂತು ಮೆಲ್ಲಗೆ ಒಳಗೆ ಇಳಿಯುತ್ತೆ. ಹೊರಗಡೆ ಸಜ್ಜಾ ಇಲ್ಲವೇ ಲಾವಂಚದ ತಟ್ಟಿ ಇದ್ದರೆ ಅದರ ಮುಂದೆ ಒಳಗಿನ ಕದ ಏನೂ ಅಲ್ಲ. ಒಳಗೇ ಹಾಕಿಸೋದಾದರೆ ಗಾಜಿನ ಕಡೆಯ ಮುಖಕ್ಕೆ ಬಿಳಿ ಬಣ್ಣ ಹೊಡೆಸಿ, ಒಂದಿಷ್ಟು ಬಿಸಿಲು ಬಂದ ದಾರಿಗೇ ವಾಪಸ್ಸು ಹೋಗುತ್ತೆ. ಕೋಣೆ ಕಡೆಗೆ ನಿಮಗೆ ಬೇಕಾದ ಕಂದು ಬಣ್ಣ ಇರಲಿ, ಯಾರು ಬೇಡ ಅಂದರು?

ಉತ್ತರದ ಕಿಟಕಿಗೆ ಬಿಸಿಲೇ ಬರಲ್ಲ, ಅಲ್ಲಿಗೆ ಯಾಕೆ ಅಂತ ಮಗ ಕೇಳಿದ. ಬೆಂಗಳೂರಲ್ಲಿ ಏಪ್ರಿಲ್ 24ರ ಸುಮಾರಿಗೆ ಮಧ್ಯಾಹ್ನದ ಸೂರ್ಯ ನೆತ್ತಿ ದಾಟಿ ಉತ್ತರಕ್ಕೆ ಹೋದವನು ತಿರುಗಿ ನೆತ್ತಿಗೆ ಬರೋದು ಆಗಸ್ಟ್ 18ರ ಹೊತ್ತಿಗೆ. ಆ ಸುಮಾರು ನಾಲ್ಕು ತಿಂಗಳು ಉತ್ತರದ ಕಿಟಕಿಗೂ ಬಿಸಿಲುಂಟು. ಡಿಸೆಂಬರಿನಲ್ಲಿ ದಕ್ಷಿಣದ್ದು ತೆರೆದಿಡಿ, ಆ ಎಳೆಬಿಸಿಲು ಹಿತ.

ಹಗಲು ಮುಚ್ಚಿ ರಾತ್ರಿ ತೆರೆಯೋ ಪದ್ಧತಿಯೂ ಎಲ್ಲ ಊರಿಗೂ ಒಂದೇ ಅಲ್ಲ. ಕಲಬುರಗಿಯ ಒಣಸೆಕೆಗೆ ಬೆಳಿಗ್ಗೆಯೇ ಮುಚ್ಚಿ ಸಂಜೆ ತನಕ ತೆಗೆಯದೇ ಇರೋದು ಸರಿ. ಮಂಗಳೂರಿನಲ್ಲಿ ಹಾಗೆ ಮಾಡಿದರೆ ಬೆವರಿನಲ್ಲಿ ಮುಳುಗ್ತೀರಿ. ಅಲ್ಲಿ ಗಾಳಿ ಆಡಬೇಕು, ಅಡ್ಡಪಟ್ಟಿಯ ಕದವೇ ಚೆಂದ. ಮಲೆನಾಡಲ್ಲಿ ಮಳೆಗಾಲ ಪೂರ್ತಿ ಮುಚ್ಚಿಟ್ಟರೆ ಸೀರೆ ಪೆಟ್ಟಿಗೆಗೆಲ್ಲ ಬೂಷ್ಟು. ಮಳೆ ಹೊಳವಾದಾಗ ಅರ್ಧ ಗಂಟೆಯಾದರೂ ತೆಗೀಬೇಕು.

ಈಗ ನಾನೇ ಮಾಡಿದ ತಪ್ಪು. ಮದುವೆಯಾದ ಹೊಸದರಲ್ಲಿ ಆಷಾಢದಲ್ಲಿ ಅಡುಗೆಮನೆ ಕಿಟಕಿಯ ಕದ ಬಿಗಿಯಾಯ್ತು. ಅಳತೆ ತಪ್ಪಿದೆ ಅಂದುಕೊಂಡು ಆಚಾರ್ರನ್ನ ಕರೆಸಿದೆ. "ಈಗ ಬೇಡಮ್ಮ, ಮರ ನೀರು ಕುಡಿದಿದೆ" ಅಂದರು. ನಾನು ಕೇಳಬೇಕಲ್ಲ! ಕೀಸುಳಿ ಹಾಕಿ ಅಂಚು ಕೀಸಿಸಿಯೇ ಬಿಟ್ಟೆ. ಶಿವರಾತ್ರಿ ಹೊತ್ತಿಗೆ ಮರ ಒಣಗಿ, ಎರಡು ಕದದ ಮಧ್ಯೆ ಕಿರುಬೆರಳು ಹೋಗುವಷ್ಟು ಸಂದು. ಮಾವನವರು ಏನೂ ಅನ್ನಲಿಲ್ಲ, ದಿನಾ ಊಟಕ್ಕೆ ಕೂತಾಗ ಆ ಸಂದಿನ ಕಡೆ ಒಂದು ಸಲ ನೋಡ್ತಿದ್ದರು ಅಷ್ಟೆ. ಮರ ಉದ್ದಕ್ಕೆ ಹಿಗ್ಗೋದು ತೀರಾ ಕಮ್ಮಿ, ಹಿಗ್ಗೋದೆಲ್ಲ ಅಗಲಕ್ಕೆ. ಮಳೆಗಾಲದಲ್ಲಿ ಬಿಗಿಯಾದರೆ ಅಂಚಿಗೆ ಮೇಣದಬತ್ತಿ ಉಜ್ಜಿ ಸುಮ್ಮನಿರಿ. ಬೇಸಿಗೆಯಲ್ಲೂ ಹಿಡಿದರೆ ಆಗ ಕೀಸಿಸಿ. ಬಣ್ಣ ಹೊಡೆಸುವಾಗ ಕದ ಕಳಚಿಸಿ, ತಲೆ ಮತ್ತು ಬುಡದ ಅಂಚಿಗೂ ಹೊಡೀತಾರಾ ಅಂತ ನಿಂತು ನೋಡಿ. ಮರ ನೀರು ಕುಡಿಯೋದು ಹೆಚ್ಚಾಗಿ ಅಲ್ಲಿಂದಲೇ, ಬಣ್ಣ ಹೊಡೆಯೋರು ಮರೆಯೋದೂ ಅದನ್ನೇ. ಎಂಡಿಎಫ್ ಅಂದರೆ ಮರದ ನಾರಿಗೆ ಅಂಟು ಹಾಕಿ ಒತ್ತಿ ಮಾಡಿದ ಹಲಗೆ, ಅದರ ಕದ ಒಮ್ಮೆ ನೀರು ಕುಡಿದು ಉಬ್ಬಿತು ಅಂದರೆ ಮತ್ತೆ ಮೊದಲಿನ ಹಾಗೆ ಆಗಲ್ಲ. ಇರಚಲು ಹೊಡೆಯೋ ಕಿಟಕಿಗೆ ಅದು ಬೇಡವೇ ಬೇಡ.

ಹೊಳಪು ಬರಲಿ ಅಂತ ಕೊಬ್ಬರಿ ಎಣ್ಣೆ ಒರೆಸೋರಿದ್ದಾರೆ. ಹೊಳಪು ಎರಡು ದಿನ, ಆಮೇಲೆ ಧೂಳೆಲ್ಲ ಅಂಟಿ ಜಿಡ್ಡು. ಪಟ್ಟಿಗಳ ಧೂಳಿಗೆ ಜೋಡಿ ತಪ್ಪಿದ ಹಳೇ ಕಾಲುಚೀಲ ಕೈಗೆ ಹಾಕಿಕೊಂಡು ಒಂದೊಂದೇ ಸವರಿ, ಮೇಲಿಂದ ಕೆಳಗೆ.

ಕದ ಇದ್ದರೆ ಸೊಳ್ಳೆ ಬರಲ್ಲ, ಗಲಾಟೆ ಕೇಳಲ್ಲ ಅಂತ ಮಾರುವವರು ಹೇಳಿದರೆ ನಂಬಬೇಡಿ. ಪಟ್ಟಿಗಳ ಸಂದಿನಲ್ಲಿ ಸೊಳ್ಳೆ ಆರಾಮಾಗಿ ಬರುತ್ತೆ, ಹಾರ್ನ್ ಸದ್ದೂ ಬರುತ್ತೆ. ಕದ ಒಳಕ್ಕೆ ತೆರೆಯೋದರಿಂದ ಜಾಲರಿಯನ್ನ ಸರಳಿನ ಹೊರಗಡೆಗೆ ಹೊಡೆಸಬೇಕು. ಮಕ್ಕಳಿರೋ ಮನೆಯಲ್ಲಿ ಕದ ಇದೆ ಅಂತ ಸರಳು ತೆಗೆಸೋ ಹುಚ್ಚು ಬೇಡ. ತೆರೆದ ಕದ ಗಾಳಿಗೆ ಧಡಾರ್ ಅಂತ ಬಡಿಯದ ಹಾಗೆ ಗೋಡೆಗೊಂದು ಕೊಂಡಿಯೂ ಇರಲಿ.

ಅಳತೆ ಕೊಡುವಾಗ ಅಗಲವನ್ನ ಮೇಲೆ, ನಡುವೆ, ಕೆಳಗೆ ಮೂರು ಕಡೆ ಹಿಡಿದು ಕಮ್ಮಿ ಬಂದದ್ದನ್ನೇ ಕೊಡಿ. ಹೊಸ ಕಟ್ಟಡ ಅಂದ ಮಾತ್ರಕ್ಕೆ ಚೌಕಟ್ಟು ನೆಟ್ಟಗಿರುತ್ತೆ ಅಂತೇನಿಲ್ಲ. ನಾವು ಅಳತೆಯನ್ನೆಲ್ಲ ಸರಿಯಾಗಿಯೇ ಕೊಟ್ಟೆವು, ಕದ ಒಳಕ್ಕೆ ತೆರೆಯೋದಕ್ಕೆ ಜಾಗ ಬೇಕು ಅನ್ನೋದನ್ನೇ ಮರೆತೆವು. ಈಗ ಸೋಫಾ ಗೋಡೆಯಿಂದ ಒಂದು ಮೊಳ ಮುಂದೆ ಬಂದು ಕೂತಿದೆ, ಕಳೆದುಹೋದ ಚೆಂಡುಗಳಿಗೆಲ್ಲ ಮೊಮ್ಮಗ ಹುಡುಕೋದು ಅದರ ಹಿಂದೆಯೇ.