ಮೊದಲು ತನ್ನ ಪಾಲು, ಆಮೇಲೆ ಹಂಚೋದು

ಮಕ್ಕಳಿಗೆ ಹಂಚಿಕೊಳ್ಳುವುದನ್ನು ಕಲಿಸಬೇಕು ಅಂದರೆ ನಾವು ಕೈ ಹಾಕುವುದು ನೇರ ಅವರ ಆಟದ ಸಾಮಾನಿಗೆ. 'ನೀನು ದೊಡ್ಡವನಲ್ವಾ, ತಂಗಿಗೆ ಕೊಟ್ಬಿಡು' ಅನ್ನುತ್ತೇವೆ. ನನ್ನ ಮನೆಯಲ್ಲಿ ಈ ಮಾತಿಲ್ಲ.

ಮಗನಿಗೆ ಏಳು ವರ್ಷ, ಮಗಳಿಗೆ ಮೂರು. ಅವಳ ವಯಸ್ಸಿಗೆ 'ನಂದು' ಅನ್ನುವುದೇ ಈಗಷ್ಟೇ ಗೊತ್ತಾಗಿರುತ್ತದೆ. ಕೊಟ್ಟದ್ದು ವಾಪಸ್ ಬರುತ್ತದೆ ಅನ್ನುವ ನಂಬಿಕೆ ಇನ್ನೂ ಬಂದಿರುವುದಿಲ್ಲ. ಅಂಥ ಮಗುವಿನ ಕೈಯಿಂದ ಕಿತ್ತು ಇನ್ನೊಬ್ಬರಿಗೆ ಕೊಟ್ಟರೆ ಅದು ಕಿತ್ತುಕೊಳ್ಳುವುದನ್ನು ಕಲಿಯುತ್ತದೆ, ಅಷ್ಟೇ.

ಅದಕ್ಕೇ ನಾನು ಮನೆಯ ಪದಾರ್ಥವನ್ನು ಅವರ ಕೈಯಲ್ಲಿ ಕೊಡಿಸುವುದರಿಂದ ಶುರು ಮಾಡಿದೆ. ಮೈಸೂರಿನಲ್ಲಿ ಅದಕ್ಕೆ ಹಬ್ಬಗಳಿಗೇನು ಬರವೇ?

ಸಂಕ್ರಾಂತಿಗೆ ಕೊಬ್ಬರಿ, ಬೆಲ್ಲ ಹೆಚ್ಚುವುದು ಅತ್ತೆ ಮತ್ತು ನಾನು. (ದೇವರಾಜ ಮಾರ್ಕೆಟ್ಟಿನ ರೆಡಿ ಎಳ್ಳು ಅತ್ತೆಗೆ ಹಿಡಿಸುವುದಿಲ್ಲ. ಬೆಲ್ಲದ ಚೂರು ದಪ್ಪ ಅಂತ ತಕರಾರು.) ಹುರಿದ ಎಳ್ಳು, ಕಡಲೆಕಾಯಿ ಬೀಜ, ಹುರಿಗಡಲೆ ಎಲ್ಲ ಸುರಿದು ಬೆರೆಸುವುದು ಮಕ್ಕಳು. ಜಗಳ ಹತ್ತುವುದು ಸಕ್ಕರೆ ಅಚ್ಚಿನ ಹತ್ತಿರ. ಆನೆ ಇಬ್ಬರಿಗೂ ಬೇಕು, ಬೇರೆ ಯಾರಿಗೂ ಹೋಗಬಾರದು. ಅದಕ್ಕೆ ಪೊಟ್ಟಣ ಕಟ್ಟುವ ಮೊದಲೇ ತಮಗೆ ಬೇಕಾದ ಅಚ್ಚನ್ನು ಆರಿಸಿ ಅವರವರ ಡಬ್ಬಿಗೆ ಹಾಕಿಕೊಳ್ಳಬೇಕು. ಆಮೇಲೆ ಅದನ್ನು ಯಾರೂ ಕೇಳುವ ಹಾಗಿಲ್ಲ, ನಾನೂ ಅಷ್ಟೇ. ತನ್ನ ಪಾಲು ಭದ್ರ ಅಂತ ಗೊತ್ತಾದರೆ ಉಳಿದದ್ದನ್ನು ಕೊಡಲು ಕೈ ಹಿಂಜರಿಯುವುದಿಲ್ಲ.

ಸಂಜೆ ಇಬ್ಬರೂ ತಟ್ಟೆ ಹಿಡಿದು ಎಳ್ಳು ಬೀರಲು ಹೊರಡುತ್ತಾರೆ. 'ಇದು ಹೆಣ್ಣುಮಕ್ಕಳ ಕೆಲಸ, ಇವನ್ಯಾಕೆ ಬಂದ?' ಅಂತ ಎದುರು ಮನೆ ಅಜ್ಜಿ ನಗುತ್ತಾರೆ. ಬರಲಿ ಬಿಡಿ ಅಜ್ಜಿ, ಅನ್ನುತ್ತೇನೆ. ಪೊಟ್ಟಣ ಕೊಟ್ಟ ಮನೆಯಿಂದ ಇನ್ನೊಂದು ಪೊಟ್ಟಣ, ಕಬ್ಬಿನ ತುಂಡು, ಬಾಳೆಹಣ್ಣು ಬರುತ್ತದೆ. ಮನೆಗೆ ಬರುವ ಹೊತ್ತಿಗೆ ತಟ್ಟೆ ಹೋದಾಗಿನಷ್ಟೇ ತುಂಬಿರುತ್ತದೆ. ಮಗಳಿಗೆ ನಾನು ಬಾಯಿಬಿಟ್ಟು ಏನೂ ಹೇಳಬೇಕಾಗಿಲ್ಲ.

ದಸರೆಯಲ್ಲಿ ಗೊಂಬೆ ಕೂರಿಸುತ್ತೇವೆ. ಸಂಜೆಯಾದರೆ ಬೀದಿಯ ಮಕ್ಕಳು ಬರುತ್ತಾರೆ. ತಿಂಡಿ ಹಂಚುವುದು ಮಗನ ಜವಾಬ್ದಾರಿ. ಒಂದು ಸಂಜೆ ಮಕ್ಕಳು ಜಾಸ್ತಿ, ಕೋಡುಬಳೆ ಕಡಿಮೆ. ನನ್ನ ಮುಖ ನೋಡಿದ. ನಾನು ಸುಮ್ಮನಿದ್ದೆ. ಅರ್ಧರ್ಧ ಮುರಿದು ಕೊಟ್ಟ. ಆಮೇಲೆ ಒಳಗೆ ಬಂದು, 'ಅಮ್ಮ, ನಾಳೆ ಅವಲಕ್ಕಿ ಮಾಡು. ಚಮಚದಲ್ಲಿ ಅಳೀಬಹುದು' ಅಂದ.

ಮದುವೆಯಲ್ಲಿ ತವರಿನವರು ಕೊಟ್ಟ ಪಟ್ಟದ ಗೊಂಬೆಗಳನ್ನು ಮಾತ್ರ ನಾನು ಮಕ್ಕಳ ಕೈಗೆ ಕೊಡುವುದಿಲ್ಲ. 'ನೀನೂ ಕೊಡಲ್ವಲ್ಲ!' ಅಂದ ಮಗ. ಹೌದು, ಕೊಡಲ್ಲ ಅಂದೆ. ಅವನಿಗೂ ಅಂಥ ಒಂದೆರಡು ಸಾಮಾನು ಇರಲಿ ಅಂತ ಬೀರುವಿನಲ್ಲಿ ಒಂದು ಅರೆ ಬಿಟ್ಟುಕೊಟ್ಟಿದ್ದೇನೆ. ನೆಂಟರ ಮಕ್ಕಳು ಬರುವ ಮುಂಚೆ, ಕೊಡಲು ಮನಸ್ಸಿಲ್ಲದ್ದನ್ನು ಅಲ್ಲಿ ಎತ್ತಿಡಬೇಕು. ಹೊರಗೆ ಉಳಿದದ್ದು ಎಲ್ಲರಿಗೂ. ಇದಾದ ಮೇಲೆ ಮನೆಯಲ್ಲಿ ರಂಪ ಎಷ್ಟೋ ಕಡಿಮೆ.

ದಿನನಿತ್ಯಕ್ಕೆ ಹಳೆಯ ಉಪಾಯಗಳೇ ಸಾಕು. ಮೈಸೂರು ಪಾಕನ್ನು ಒಬ್ಬರು ಮುರಿದರೆ ಇನ್ನೊಬ್ಬರು ಆರಿಸುವುದು. ಮುರಿಯುವವನ ಕಣ್ಣು ಆಗ ಅಕ್ಕಸಾಲಿಗನ ತಕ್ಕಡಿಯ ಹಾಗೆ. ಸೈಕಲ್ಲಿಗೆ 'ಅಣ್ಣಂದು ಆದಮೇಲೆ ನಿಂದು'. ಕಾಯುವಾಗ ಮಗಳು ಅಳುತ್ತಾಳೆ. ಅಳಲಿ, ನಾನು ಜೊತೆಗೆ ಕೂರುತ್ತೇನೆ.

ಮಂಡ್ಯದ ಕಡೆಯ ನಮ್ಮೂರಿಗೆ ಹೋದಾಗ ತಾತ ಕಡಲೆ ಮಿಠಾಯಿಯನ್ನು ಪಂಚೆಯ ತುದಿಯಲ್ಲಿ ಸುತ್ತಿ, ಬಟ್ಟೆಯ ಮೇಲಿಂದಲೇ ಕಚ್ಚಿ, ಗುಬ್ಬಿ ಎಂಜಲು ಮಾಡಿ ಇಬ್ಬರಿಗೂ ಕೊಟ್ಟರು. ಮಗನಿಗೆ ಅದು ಎಷ್ಟು ಹಿಡಿಸಿತು ಅಂದರೆ, ಈಗ ಶಾಲೆಯಲ್ಲಿ ಅವನದ್ದೂ ಅದೇ ಪದ್ಧತಿ. ಯೂನಿಫಾರ್ಮ್ ಶರಟಿನ ತುದಿಯಲ್ಲಿ ದಿನವೂ ಅಂಟಂಟು ಕಲೆ. ಬೆಲ್ಲದ್ದಾದರೆ ಬಿಸಿನೀರಿಗೆ ಹೋಗುತ್ತದೆ. ಚಾಕೊಲೇಟಿನದಾದರೆ ಮಾತ್ರ ಸೋಪು ಹಾಕಿ ತಿಕ್ಕಬೇಕು.