ಗದಗಿನಲ್ಲಿ ಕೂತು ಹಳೇ ನಕ್ಷತ್ರ ಹುಡುಕಿದ ಕಥೆ

ನಾನು ಗದಗಿನ ಕಾಲೇಜೊಂದರಲ್ಲಿ ಫಿಸಿಕ್ಸ್ ಪಾಠ ಮಾಡುತ್ತೇನೆ. ದೊಡ್ಡ ಟೆಲಿಸ್ಕೋಪ್ ನನ್ನ ಹತ್ತಿರ ಇಲ್ಲ. ಇರೋದು ಲ್ಯಾಪ್‌ಟಾಪ್, ಮೊಬೈಲ್ ಹಾಟ್‌ಸ್ಪಾಟ್, ಒಂದು ಬೈನಾಕ್ಯುಲರ್. ನಮ್ಮ ಆಕಾಶಗಂಗೆ ಎಳೆಯ ವಯಸ್ಸಿನಲ್ಲಿ ಹೇಗಿತ್ತು ಅಂತ ಕೆದಕೋಕೆ ಇಷ್ಟು ಸಾಕಾ? ಸುಮಾರು ದೂರ ಹೋಗಬಹುದು.

ಬಿಗ್ ಬ್ಯಾಂಗ್‌ನಲ್ಲಿ ಹುಟ್ಟಿದ್ದು ಹೈಡ್ರೋಜನ್, ಹೀಲಿಯಂ, ಚೂರು ಲಿಥಿಯಂ ಅಷ್ಟೇ. ಕಬ್ಬಿಣ, ಕ್ಯಾಲ್ಸಿಯಂ ಎಲ್ಲ ಆಮೇಲೆ ನಕ್ಷತ್ರಗಳಲ್ಲಿ ತಯಾರಾಗಿ, ಅವು ಸಿಡಿದಾಗ ಹೊರಬಂದವು. ಹಾಗಾಗಿ ಕಬ್ಬಿಣ ತೀರಾ ಕಡಿಮೆ ಇರೋ ನಕ್ಷತ್ರ ಸಾಮಾನ್ಯವಾಗಿ ತುಂಬಾ ಹಳೇದು.

ನಾನು ಎಚ್‌ಡಿ 140283 ಅನ್ನೋ ನಕ್ಷತ್ರದಿಂದ ಶುರು ಮಾಡಿದೆ. 1951ರಲ್ಲಿ ಖಗೋಳ ವಿಜ್ಞಾನಿಗಳಾದ ಚೇಂಬರ್ಲಿನ್ ಮತ್ತು ಆಲರ್ ಲೋಹ (ಖಗೋಳದವರ ಭಾಷೆಯಲ್ಲಿ ಹೀಲಿಯಂಗಿಂತ ಭಾರದ ಎಲ್ಲ ಧಾತು) ಕಡಿಮೆ ಅಂತ ತೋರಿಸಿದ ಎರಡು ನಕ್ಷತ್ರಗಳಲ್ಲಿ ಇದೂ ಒಂದು. ಇದರ ರೋಹಿತ, ಅಂದರೆ ಬಣ್ಣಬಣ್ಣವಾಗಿ ಬಿಡಿಸಿದ ಬೆಳಕು, ಯುರೋಪಿಯನ್ ಸದರ್ನ್ ಅಬ್ಸರ್ವೇಟರಿಯ ಆರ್ಕೈವ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಆ ಡೇಟಾ ಇರೋ ಫಿಟ್ಸ್ ಫೈಲ್ ಇಳಿಸಿಕೊಂಡು, ಪೈಥಾನ್‌ನಲ್ಲಿ ಆಸ್ಟ್ರೋಪೈ ಅನ್ನೋ ಖಗೋಳ ಲೈಬ್ರರಿ ಬಳಸಿ ತೆರೆದು, ಸೂರ್ಯನ ರೋಹಿತದ ಪಕ್ಕ ಇಟ್ಟೆ. 5160ರಿಂದ 5190 ಆಂಗ್‌ಸ್ಟ್ರಾಂವರೆಗಿನ (ಬೆಳಕಿನ ಅಲೆಯುದ್ದದ ಅಳತೆ) ತುಂಡು ಸಾಕು. ಪ್ರತಿ ಧಾತು ತನ್ನದೇ ಅಲೆಯುದ್ದದ ಬೆಳಕು ಹೀರಿ ಕಪ್ಪು ಗೆರೆ ಬಿಡುತ್ತದೆ; ಅಲ್ಲಿ ಮೆಗ್ನೀಷಿಯಂನ ಮೂರು ಗೆರೆ ಇವೆ. ಸೂರ್ಯನಲ್ಲಿ ಅವು ದಪ್ಪಗಿದ್ದು, ನಡುವೆ ಕಬ್ಬಿಣ, ಟೈಟಾನಿಯಂ ಗೆರೆಗಳು ಬಾಚಣಿಗೆ ಹಲ್ಲಿನ ಹಾಗೆ ಒತ್ತಾಗಿರುತ್ತವೆ. ಈ ನಕ್ಷತ್ರದಲ್ಲಿ ಮೆಗ್ನೀಷಿಯಂ ಗೆರೆಗಳೇ ತೆಳ್ಳಗೆ, ನಡುವಿನ ಜಾಗ ಬಹುಪಾಲು ಖಾಲಿ. ಕಬ್ಬಿಣ ಸೂರ್ಯನಲ್ಲಿರೋದರ ಸುಮಾರು 250ನೇ ಒಂದು ಪಾಲು, ಅಷ್ಟೇ.

ಆದರೆ ಎರಡೂ ರೋಹಿತದ ಗೆರೆಗಳು ಸುಮ್ನೆ ಒಂದರ ಮೇಲೊಂದು ಕೂರೋದಿಲ್ಲ. ನಕ್ಷತ್ರದ್ದು ಸುಮಾರು 3 ಆಂಗ್‌ಸ್ಟ್ರಾಂ ನೀಲಿ ಕಡೆ ಸರಿದಿರುತ್ತದೆ, ಯಾಕೆಂದರೆ ಅದು ಸೆಕೆಂಡಿಗೆ 170 ಕಿ.ಮೀ. ವೇಗದಲ್ಲಿ ನಮ್ಮ ಕಡೆ ಬರುತ್ತಿದೆ. 170ನ್ನು ಬೆಳಕಿನ ವೇಗ 3 ಲಕ್ಷದಿಂದ ಭಾಗಿಸಿ, ಅದಕ್ಕೆ 1 ಕೂಡಿಸಿ, ಬಂದದ್ದರಿಂದ ಅಲೆಯುದ್ದವನ್ನು ಗುಣಿಸಿದರೆ ಗೆರೆಗಳು ಸರಿಯಾಗಿ ಕೂರುತ್ತವೆ. ಇನ್ನೊಂದು, ಫೈಲಿನ ಅಲೆಯುದ್ದ ಗಾಳಿಯದೋ ನಿರ್ವಾತದ್ದೋ ಮೊದಲೇ ನೋಡಿಕೊಳ್ಳಿ. ಈ ಭಾಗದಲ್ಲಿ ಎರಡಕ್ಕೂ ಒಂದೂವರೆ ಆಂಗ್‌ಸ್ಟ್ರಾಂ ಹತ್ತಿರ ಫರಕು ಬರುತ್ತದೆ.

ಯೂಟ್ಯೂಬ್‌ನಲ್ಲಿ ಈ ನಕ್ಷತ್ರವನ್ನೇ 'ವಿಶ್ವಕ್ಕಿಂತ ಹಳೆಯ ನಕ್ಷತ್ರ' ಅಂತ ಮಾರುತ್ತಾರೆ. 2013ರಲ್ಲಿ ಇದರ ವಯಸ್ಸು ಸುಮಾರು 1446 ಕೋಟಿ ವರ್ಷ ಅಂತ ಬಂದಿದ್ದು ನಿಜ, ವಿಶ್ವಕ್ಕೆ 1380 ಕೋಟಿ. ಆದರೆ ಆ ಲೆಕ್ಕದಲ್ಲೇ 80 ಕೋಟಿ ಆಚೀಚೆ ಅಂತ ಬರೆದಿತ್ತು. 2021ರ ಲೆಕ್ಕ 1200 ಕೋಟಿಗೆ ಇಳಿಯಿತು. ಹೆಡ್‌ಲೈನ್ ಮಾತ್ರ ಇಳಿಯಲಿಲ್ಲ.

ಬೈನಾಕ್ಯುಲರ್‌ನಲ್ಲೂ ಇದು ಕಾಣುತ್ತದೆ, ಕಾಂತಿಮಾನ 7.2 (ಈ ಅಂಕಿ ದೊಡ್ಡದಾದಷ್ಟೂ ನಕ್ಷತ್ರ ಮಂಕು). ನಮ್ಮ ಕಡೆ ವಿಶಾಖಿ ಮಳೆ ಎಲ್ಲರಿಗೂ ಗೊತ್ತು, ಆ ವಿಶಾಖ ಇರೋ ತುಲಾ ರಾಶಿಯಲ್ಲೇ ಇದೆ. ಮೇ ತಿಂಗಳ ರಾತ್ರಿ ಕಪ್ಪತಗುಡ್ಡದ ಹತ್ತಿರ, ಗಾಳಿಯಂತ್ರಗಳ ಕೆಂಪು ದೀಪಕ್ಕೆ ಬೆನ್ನು ಮಾಡಿ ನಿಂತು, ಅದೇ ರಾಶಿಯ ಬೀಟಾ ಲಿಬ್ರೇ ನಕ್ಷತ್ರದಿಂದ ಪೂರ್ವಕ್ಕೆ ಆರೂವರೆ ಡಿಗ್ರಿ ಸರಿದು ತೋರಿಸಿದೆ. "ಇಷ್ಟೇ ಏನ್ರಿ ಸರ್?" ಅಂದ ಒಬ್ಬ ಹುಡುಗ. ಇಷ್ಟೇ, ಒಂದು ಚುಕ್ಕಿ.

ಒಂದೇ ನಕ್ಷತ್ರದಿಂದ ಚರಿತ್ರೆ ಸಿಗೋದಿಲ್ಲ ಅಲ್ವಾ, ರಾಶಿಗಟ್ಟಲೆ ಬೇಕು. ಅದಕ್ಕೆ ನಕ್ಷತ್ರಗಳ ಜಾಗ, ಚಲನೆ ಅಳೆದ ಯುರೋಪಿನ ಗಾಯಾ ನೌಕೆಯ 2022ರ ಡೇಟಾ ಇದೆ. ಗಾಯಾ ಆರ್ಕೈವ್‌ನಲ್ಲಿ, ಬೇಕಾದ ನಕ್ಷತ್ರ ಆರಿಸೋಕೆ ಕೆಲವೇ ಸಾಲಿನ ಕ್ವೆರಿ ಬರೆದೆ. ಪ್ಯಾರಲಾಕ್ಸ್ (ದೂರ ಅಳೆಯೋಕೆ ಬಳಸುವ ಸಣ್ಣ ಕೋನ) ಅದರ ದೋಷದ 10 ಪಟ್ಟು ಮೀರಿರಬೇಕು, ಆಕಾಶಗಂಗೆಯ ಧೂಳಿನ ಪಟ್ಟಿಯಿಂದ 30 ಡಿಗ್ರಿ ದೂರ ಇರಬೇಕು, ಅಡ್ಡ ವೇಗ ಸೆಕೆಂಡಿಗೆ 200 ಕಿ.ಮೀ. ದಾಟಬೇಕು. ಅಡ್ಡ ವೇಗ ಅಂದರೆ ವರ್ಷಕ್ಕೆ ಸರಿಯುವ ಕೋನವನ್ನು 4.74ರಿಂದ ಗುಣಿಸಿ ಪ್ಯಾರಲಾಕ್ಸ್‌ನಿಂದ ಭಾಗಿಸಿದ್ದು; ಇಷ್ಟು ಜೋರಾಗಿ ಓಡುವವು ಹೆಚ್ಚಾಗಿ ಹಳೇ ನಕ್ಷತ್ರಗಳೇ. ಬಂದ ಪಟ್ಟಿಯನ್ನು ಟಾಪ್‌ಕ್ಯಾಟ್ ಅನ್ನೋ ತಂತ್ರಾಂಶದಲ್ಲಿ ಹಾಕಿ ಬಣ್ಣಕ್ಕೂ ನಿಜವಾದ ಹೊಳಪಿಗೂ ಗ್ರಾಫ್ ಎಳೆದರೆ, ಚುಕ್ಕಿಗಳ ಒಂದು ಎಳೆ ಬರಬೇಕಾದಲ್ಲಿ ಎರಡು ಬರುತ್ತವೆ! ನಾನು ಮೊದಲ ಸಲ ನೋಡಿದಾಗ ಕುರ್ಚಿ ಬಿಟ್ಟು ಎದ್ದಿದ್ದೆ.

ನೀಲಿ ಕಡೆಯ ಎಳೆಯಲ್ಲಿ ಲೋಹ ಕಡಿಮೆ. ಅದರಲ್ಲಿ ಬಹಳಷ್ಟು ನಮ್ಮ ಗ್ಯಾಲಕ್ಸಿಯಲ್ಲಿ ಹುಟ್ಟಿದವೇ ಅಲ್ಲ. ಸುಮಾರು 1000 ಕೋಟಿ ವರ್ಷದ ಹಿಂದೆ ಆಕಾಶಗಂಗೆ ನುಂಗಿದ ಇನ್ನೊಂದು ಸಣ್ಣ ಗ್ಯಾಲಕ್ಸಿಯವು. 2018ರಲ್ಲಿ ಅಮೀನಾ ಹೆಲ್ಮಿ ಅವರ ತಂಡ ಅದಕ್ಕೆ ಗಾಯಾ-ಎನ್ಸೆಲಾಡಸ್ ಅಂತ ಹೆಸರಿಟ್ಟಿತು. ಕೆಂಪು ಕಡೆಯ ಎಳೆ ಹೆಚ್ಚಾಗಿ ನಮ್ಮದೇ ಗ್ಯಾಲಕ್ಸಿಯ ಹಳೇ ತಟ್ಟೆಯಾಕಾರದ ಭಾಗದ್ದು, ಆ ಡಿಕ್ಕಿಯಲ್ಲಿ ಚೆಲ್ಲಾಪಿಲ್ಲಿಯಾದದ್ದು.

ಈಗ ಹುಡುಗರಿಗೆ 2024ರಲ್ಲಿ ಖ್ಯಾತಿ ಮಲ್ಹನ್ ಮತ್ತು ಹಾನ್ಸ್-ವಾಲ್ಟರ್ ರಿಕ್ಸ್ ಗುರುತಿಸಿದ 'ಶಕ್ತಿ', 'ಶಿವ' ಅನ್ನೋ ಹಳೇ ನಕ್ಷತ್ರ ಗುಂಪುಗಳ ಹುಚ್ಚು ಹಿಡಿದಿದೆ. ಅದಕ್ಕೆ ಪ್ರತಿ ನಕ್ಷತ್ರದ ಕಕ್ಷೆ ಬೇಕು, ಗ್ಯಾಲ್‌ಪೈ ಅನ್ನೋ ಪೈಥಾನ್ ಲೈಬ್ರರಿಯಲ್ಲಿ ಲೆಕ್ಕ ಹಾಕಬಹುದು. ತೊಂದರೆ ಏನೆಂದರೆ, ಗಾಯಾದ ಸುಮಾರು 180 ಕೋಟಿ ಆಕಾಶಕಾಯಗಳ ಪಟ್ಟಿಯಲ್ಲಿ ನಮ್ಮತ್ತ ಬರುವ ಅಥವಾ ದೂರ ಹೋಗುವ ವೇಗ ಸಿಗೋದು 3.3 ಕೋಟಿಗೆ ಮಾತ್ರ. ಸೋಸಿದ ಮೇಲೆ ಪಟ್ಟಿ ಸಣ್ಣದಾಗುತ್ತದೆ. ಹುಡುಗರಿಗೆ ಬೇಜಾರು. ನನಗೆ ಸಣ್ಣ ಪಟ್ಟಿಯೇ ಇಷ್ಟ, ಒಂದೊಂದೇ ಸಾಲು ತೆಗೆದು ಪರೀಕ್ಷೆ ಮಾಡಬಹುದು.